ಸಂಡೂರಿನ ಕೆಂಪು ಬೆಟ್ಟಗಳು

ಬಳ್ಳಾರಿ ಸೀಮೆ ಎಂದೊಡನೆ ಬಿರುಬಿಸಿಲು, ಬೋಳುಬಂಡೆ, ಜಾಲಿಯ ಮುಳ್ಳು ಇವಿಷ್ಟೇ ಕಣ್ಣ ಮುಂದೆ ಬರುವುದು ವಾಡಿಕೆ. ಆದರೆ ಮಳೆಗಾಲ ಮುಗಿಯುವ ದಿನಗಳಲ್ಲಿ ಹೊಸಪೇಟೆಯಿಂದ ದಕ್ಷಿಣಕ್ಕೆ ಸಂಡೂರಿನ ಹಾದಿಯನ್ನು ಹಿಡಿದ ಪ್ರವಾಸಿಗನಿಗೆ ಬೇರೊಂದು ನಾಡೇ ಎದುರಾಗುತ್ತದೆ. ಎರಡು ಉದ್ದನೆಯ ಬೆಟ್ಟಸಾಲುಗಳು ಕೋಟೆಯ ಗೋಡೆಗಳಂತೆ ಎದ್ದುನಿಂತು, ನಡುವೆ ಒಂದು ಹಸಿರು ಕಣಿವೆಯನ್ನು ಬಚ್ಚಿಟ್ಟುಕೊಂಡಿವೆ. ನೆತ್ತಿಯವರೆಗೂ ಹುಲ್ಲು, ಇಳಿಜಾರುಗಳಲ್ಲಿ ಕುರುಚಲು ಕಾಡು. ಸಾಲಿನ ಕೆಲವೆಡೆ ಬೆಟ್ಟವನ್ನು ಕತ್ತರಿಸಿಟ್ಟಂತೆ ಕಿರಿದಾದ ಬಿರುಕುಗಳಿವೆ. ಊರವರು ಅವುಗಳನ್ನು ಓಬಳಗಂಡಿ, ಭೀಮಗಂಡಿ ಎಂದು ಕರೆಯುತ್ತಾರೆ. ನಾರಿಹಳ್ಳವು ಈ ಗಟ್ಟಿ ಕಲ್ಲನ್ನು ಕೊರೆದು ತನ್ನ ದಾರಿಯನ್ನು ತಾನೇ ಮಾಡಿಕೊಂಡಿದೆ.

ಕಣಿವೆಯ ಬೆಟ್ಟದ ಮೇಲೆ ಪುರಾತನವಾದ ಕುಮಾರಸ್ವಾಮಿಯ ದೇವಾಲಯವೂ ಪಾರ್ವತಿಯ ಗುಡಿಯೂ ಇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೇಸಗೆಯ ಬೇಗೆಯನ್ನು ತಾಳಲಾರದ ಆಂಗ್ಲ ಸೈನಿಕರು ರಾಮನದುರ್ಗದ ತಂಪನ್ನು ಅರಸಿ ಬರುತ್ತಿದ್ದರು. ಇಲ್ಲಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಷ್ಟೆಲ್ಲ ನೋಡಿ ಮುಗಿದ ಮೇಲೂ ಒಂದು ಸಂಗತಿ ಯಾತ್ರಿಕನ ಬೆನ್ನು ಬಿಡುವುದಿಲ್ಲ. ಅದೇ ಕೆಂಪು. ಕಾಲಿಗೆ ಮೆತ್ತುವ ಮಣ್ಣು ಕೆಂಪು, ಹಳ್ಳದ ಹೊಸನೀರು ಕೆಂಪು, ದಾರಿಯ ಬದಿಯ ಗಿಡಗಳ ಎಲೆಯೂ ಕೆಂಪು. ಕೈಗೆತ್ತಿಕೊಂಡ ಕಲ್ಲು ತನ್ನ ಗಾತ್ರಕ್ಕೆ ಮೀರಿದ ಭಾರವನ್ನು ತೋರಿಸುತ್ತದೆ. ಅದು ಬರಿಯ ಕಲ್ಲಲ್ಲ, ಕಬ್ಬಿಣದ ಅದಿರು.

ಕಡಲು ಕಟ್ಟಿದ ಬೆಟ್ಟ

ಈ ಬೆಟ್ಟಗಳ ಜಾತಕವು ಸುಮಾರು 270 ಕೋಟಿ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಇಲ್ಲಿ ಕಡಲಿತ್ತು. ಅಂದಿನ ವಾತಾವರಣದಲ್ಲಿ ಆಮ್ಲಜನಕವು ಇಲ್ಲವೆನ್ನುವಷ್ಟು ಅಲ್ಪವಾಗಿದ್ದುದರಿಂದ ಕಬ್ಬಿಣವು ಕಡಲ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಕಾಲಕ್ರಮದಲ್ಲಿ ಅದು ತಳಕ್ಕೆ ಇಳಿಯತೊಡಗಿ, ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕ ಹೀಗೆ ಸೀರೆಯ ಪಟ್ಟೆಗಳಂತೆ ಸಂಚಯವಾಯಿತು. ಭೂಗರ್ಭದ ಒತ್ತಡದಿಂದ ಆ ಪದರಗಳು ಮಡಿಕೆ ಬಿದ್ದುವು. ಮುಂದೆ ಯುಗಯುಗಗಳ ಕಾಲ ನೀರು ಇಂಗಿ ಸಿಲಿಕವನ್ನು ತೊಳೆದೊಯ್ದ ಎಡೆಗಳಲ್ಲಿ ಉಳಿದುಕೊಂಡದ್ದೇ ಉತ್ತಮ ದರ್ಜೆಯ ಹೆಮಟೈಟ್ ಅದಿರು. ಮನುಷ್ಯನು ಕೆಲವೇ ವರ್ಷಗಳಲ್ಲಿ ಅಗೆದು ಮುಗಿಸಬಲ್ಲ ಒಂದು ಬೆಟ್ಟದ ತಲೆಯನ್ನು ಕಟ್ಟಲು ಪ್ರಕೃತಿಗೆ ಇಷ್ಟು ಕಾಲ ಬೇಕಾಯಿತು.

ಸುತ್ತಿಗೆ ಹಿಡಿದು ಬಂದವರು

ಈ ಕಥೆಯನ್ನು ಕಲ್ಲಿನಿಂದ ಓದಿ ಹೇಳಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ವಿಜ್ಞಾನಿಗಳು. 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಎಂಬವರು ಕಲ್ಕತ್ತೆಗೆ ಬಂದಿಳಿದಾಗ ಈ ಸಂಸ್ಥೆಯು ಜನ್ಮತಾಳಿತು. ಉಗಿಹಡಗಿಗೂ ಬರಲಿದ್ದ ರೈಲಿಗೂ ಕಲ್ಲಿದ್ದಲನ್ನು ಹುಡುಕಿಕೊಡುವುದೇ ಅಂದು ಸರಕಾರಕ್ಕೆ ಬೇಕಾಗಿದ್ದ ಮುಖ್ಯ ಕೆಲಸ. ಆದರೆ ದೇಶದ ಕಲ್ಲನ್ನೆಲ್ಲ ಕ್ರಮವಾಗಿ ಅರಿಯದೆ ಕಲ್ಲಿದ್ದಲನ್ನು ಮಾತ್ರ ಅರಿಯುವುದು ಸಾಧ್ಯವಿರಲಿಲ್ಲ. ಹೀಗೆ ಇಡೀ ದೇಶದ ಭೂಪಟವನ್ನು ಬರೆಯುವ ಮಹಾಕಾರ್ಯವು ಮೊದಲಾಯಿತು.

1858ರಲ್ಲಿ ಸಂಸ್ಥೆಯನ್ನು ಸೇರಿದ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ದಕ್ಷಿಣ ಭಾರತವೇ ಕಾರ್ಯಕ್ಷೇತ್ರವಾಯಿತು. ಕುದುರೆಯನ್ನೇರಿ, ಕಾಲ್ನಡೆಯಲ್ಲಿ ಬೆಟ್ಟ ಹತ್ತಿ ಇಳಿದು, ಅವರು ಬಳ್ಳಾರಿ ಸೀಮೆಯನ್ನು ಅಳೆದರು. ಸಂಡೂರಿನ ಬೆಟ್ಟಗಳು ಧಾರವಾಡದ ಕಡೆಯ ಶಿಲೆಗಳ ಬಳಗಕ್ಕೇ ಸೇರಿದವೆಂಬುದನ್ನು ಗುರುತಿಸಿ, ಆ ಬಳಗಕ್ಕೆ ‘ಧಾರವಾಡ ಶಿಲಾಸಮೂಹ’ ಎಂಬ ಹೆಸರನ್ನು ಕೊಟ್ಟವರೂ ಅವರೇ. ಇಂದು ಲೋಕದ ಭೂವಿಜ್ಞಾನಿಗಳೆಲ್ಲರ ನಾಲಗೆಯ ಮೇಲೆ ಕನ್ನಡನಾಡಿನ ಊರೊಂದರ ಹೆಸರು ನಲಿದಾಡುತ್ತಿರುವುದಕ್ಕೆ ಇದೇ ಮೂಲ. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ಗ್ರಂಥವು 1895ರಲ್ಲಿ ಹೊರಬಂದಿತು. ಬಳ್ಳಾರಿಗೆ ಸಮೀಪದ ಸಂಗನಕಲ್ಲಿನ ಗುಡ್ಡಗಳಲ್ಲಿ ಶಿಲಾಯುಗದ ಜನರು ಕಲ್ಲುಕೊಡಲಿಗಳನ್ನು ಮಾಡುತ್ತಿದ್ದ ನೆಲೆಗಳನ್ನೂ ಫೂಟ್ ಅವರು ಪರಿಶೀಲಿಸಿದ್ದರು. ಯಾವ ಕಲ್ಲು ಯಾವ ಕೆಲಸಕ್ಕೆ ಒದಗುತ್ತದೆಂಬ ಅರಿವು ಈ ನೆಲದಲ್ಲಿ ಸಾವಿರಾರು ವರ್ಷಗಳಷ್ಟು ಹಳೆಯದು.

ಲೆಕ್ಕದ ಬೆಲೆ

ಸರ್ವೇಕ್ಷಣವೆಂದರೆ ನಿಧಿಶೋಧನೆಯೆಂದು ಅನೇಕರು ಎಣಿಸುವುದುಂಟು. ವಾಸ್ತವವಾಗಿ ಅದು ತಾಳ್ಮೆಯ ಲೆಕ್ಕಾಚಾರ. ಮೊದಲು ವಿಶಾಲವಾದ ಪ್ರದೇಶವನ್ನು ಮೇಲುಮೇಲಾಗಿ ನೋಡಿ, ಖನಿಜವಿರುವ ಸೂಚನೆ ಉಂಟೇ ಎಂದು ತಿಳಿಯಬೇಕು. ಅನಂತರ ಪ್ರಾಥಮಿಕ ಶೋಧನೆ, ಆಮೇಲೆ ಸಾಮಾನ್ಯ ಶೋಧನೆ, ಕೊನೆಗೆ ಸವಿವರ ಶೋಧನೆ. ಹೀಗೆ ನಾಲ್ಕು ಮೆಟ್ಟಿಲುಗಳನ್ನು ಏರಬೇಕು. ಮೆಟ್ಟಿಲು ಏರಿದಂತೆಲ್ಲ ಕೊರೆಯುವ ರಂಧ್ರಗಳು ಒತ್ತೊತ್ತಾಗುತ್ತವೆ. ರಂಧ್ರದಿಂದ ಹೊರಬಂದ ಕಲ್ಲಿನ ದಿಂಡುಗಳನ್ನು ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿ, ಎಷ್ಟು ಆಳದಲ್ಲಿ ಎಂತಹ ಕಲ್ಲು ದೊರೆಯಿತೆಂದು ಬರೆದಿಡುತ್ತಾರೆ. ಅದರಲ್ಲಿ ಕಬ್ಬಿಣವೆಷ್ಟು, ಕಸರೆಷ್ಟು ಎಂಬುದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುತ್ತಾರೆ. ಇಷ್ಟಾದ ಮೇಲೆಯೇ ಬೆಟ್ಟದ ಹೊಟ್ಟೆಯೊಳಗೆ ಇಷ್ಟು ಟನ್ ಅದಿರು ಇದೆ ಎಂದು ಧೈರ್ಯವಾಗಿ ಹೇಳಬಹುದು.

ಈ ಒಂದು ಅಂಕಿಯ ಮೇಲೆ ಎಷ್ಟೋ ಬಾಳುಗಳು ನಿಂತಿರುತ್ತವೆ. ಎಷ್ಟಿದೆಯೆಂದು ತಿಳಿದರೆ ತಾನೇ ವರ್ಷಕ್ಕೆ ಎಷ್ಟು ತೆಗೆಯಬಹುದು, ಎಷ್ಟು ಕಾಲ ಬರುತ್ತದೆ, ಮೊಮ್ಮಕ್ಕಳಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು ನಿರ್ಧರಿಸಬಹುದು? ಸಂಡೂರು ತಾಲ್ಲೂಕಿನ ದೋಣಿಮಲೆಯಲ್ಲಿ 1977ರಲ್ಲಿ ಸರಕಾರಿ ಸ್ವಾಮ್ಯದ ಗಣಿಯು ಕೆಲಸವನ್ನಾರಂಭಿಸಿತು. ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಯು ಎದ್ದಿತು. ಸೇತುವೆಯ ತೊಲೆ, ರೈಲಿನ ಹಳಿ, ಮನೆಯ ತಾರಸಿಯ ಕಂಬಿ, ಅಡಿಗೆಮನೆಯ ಈಳಿಗೆಮಣೆಯ ಅಲಗು ಎಲ್ಲಕ್ಕೂ ಬೇಕಾದ ಕಬ್ಬಿಣವು ಇಂತಹ ಬೆಟ್ಟಗಳಿಂದಲೇ ಬರಬೇಕು. ಗಣಿಯೇ ಬೇಡವೆನ್ನುವುದು ಸುಲಭ. ಕಬ್ಬಿಣವಿಲ್ಲದೆ ಬಾಳುವುದು ಸುಲಭವಲ್ಲ.

ಲೆಕ್ಕ ತಪ್ಪಿದ ಕಾಲ

ಆದರೆ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಚೀನದ ಬೇಡಿಕೆಯಿಂದ ಅದಿರಿನ ಬೆಲೆಯು ಗಗನಕ್ಕೇರಿದಾಗ, ಈ ಲೆಕ್ಕವನ್ನು ಕೇಳುವವರೇ ಇಲ್ಲದಂತಾಯಿತು. ಹಗಲಿರುಳೆನ್ನದೆ ಲಾರಿಗಳು ಸಾಲುಗಟ್ಟಿದುವು. ಪೈರಿನ ಮೇಲೆ ಕೆಂಧೂಳಿ ಕುಳಿತಿತು. ಗುತ್ತಿಗೆಯ ಎಲ್ಲೆಯನ್ನು ಮೀರಿ ಕಾಡಿನೊಳಗೂ ಅಗೆತ ನಡೆಯಿತು. ಕರ್ನಾಟಕದ ಲೋಕಾಯುಕ್ತರು 2008ರಲ್ಲಿಯೂ 2011ರಲ್ಲಿಯೂ ವರದಿಗಳನ್ನು ಸಲ್ಲಿಸಿದರು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಮರುತಿಂಗಳು ಅದೇ ಆಜ್ಞೆಯಾಯಿತು. ಲಾರಿ ನಿಂತಾಗ ಧೂಳಿಯೂ ನಿಂತಿತು. ಅದರೊಡನೆ ಸಹಸ್ರಾರು ಕೂಲಿಗಾರರ ಒಲೆಯ ಉರಿಯೂ ತಗ್ಗಿತು.

ನ್ಯಾಯಾಲಯವು ಮತ್ತೆ ಅಳತೆಗೇ ಮೊರೆಹೋಗಬೇಕಾಯಿತು. ಪ್ರತಿಯೊಂದು ಗುತ್ತಿಗೆಯ ಎಲ್ಲೆಯನ್ನೂ ಹೊಸದಾಗಿ ಅಳೆಸಿ, ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸಲಾಯಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದುವು. ಉಳಿದವುಗಳಿಗೆ ಅಗೆದ ನೆಲವನ್ನು ಸರಿಪಡಿಸುವ ಯೋಜನೆಯು ಕಡ್ಡಾಯವಾಯಿತು. ವರ್ಷಕ್ಕೆ ಬಳ್ಳಾರಿಯಿಂದ ಎರಡೂವರೆ ಕೋಟಿ ಟನ್, ಉಳಿದ ಎರಡು ಜಿಲ್ಲೆಗಳಿಂದ ಐವತ್ತು ಲಕ್ಷ ಟನ್ ಎಂಬ ಮಿತಿಯು ಏರ್ಪಟ್ಟಿತು. ಈ ಮಿತಿಯು ಮುಂದೆ ಸಡಿಲವಾಗಿ, 2022ರಲ್ಲಿ ಬಳ್ಳಾರಿಗೆ ಮೂರೂವರೆ ಕೋಟಿ ಟನ್ನಿಗೂ ಉಳಿದೆರಡಕ್ಕೆ ಒಂದೂವರೆ ಕೋಟಿ ಟನ್ನಿಗೂ ಏರಿತು.

2015ರಲ್ಲಿ ತಿದ್ದುಪಡಿಯಾದ ಖನಿಜ ಕಾಯಿದೆಯು ಗಣಿಯನ್ನು ಹರಾಜಿನ ಮೂಲಕವೇ ಕೊಡಬೇಕೆಂದು ವಿಧಿಸಿತು. ಹರಾಜಿಗಿಡುವ ಮೊದಲು ನೆಲದೊಳಗೆ ಏನಿದೆಯೆಂದು ತಿಳಿದಿರಬೇಕಷ್ಟೆ. ಹೀಗಾಗಿ ಸರ್ವೇಕ್ಷಣದ ವರದಿಗೆ ಬೊಕ್ಕಸದ ಕೀಲಿಕೈಯ ಮಹತ್ವ ಬಂದಿತು. ಅದೇ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿಯವರು ರಾಜಧನದ ಒಂದಂಶವನ್ನು ಕಟ್ಟಬೇಕು. ಆ ಹಣವು ಧೂಳಿಯುಂಡ ಹಳ್ಳಿಗಳ ನೀರಿಗೂ ಶಾಲೆಗೂ ಆಸ್ಪತ್ರೆಗೂ ಸಲ್ಲಬೇಕು.

ನೀರಿನ ಮಾತು

ಭೂಪಟದಲ್ಲಿ ಬರೆದಿರುವುದು ಅದಿರೊಂದೇ ಅಲ್ಲ. ಬಿರುಕುಬಿಟ್ಟ ಕಬ್ಬಿಣಶಿಲೆಯ ಬೆಟ್ಟವು ಮಳೆಯ ನೀರನ್ನು ಹೀರಿಕೊಂಡು ಮೆಲ್ಲಮೆಲ್ಲನೆ ತಪ್ಪಲಿಗೆ ಬಿಟ್ಟುಕೊಡುತ್ತದೆ. ಬೆಟ್ಟದ ತಲೆಯನ್ನು ತೆಗೆದರೆ ಆ ನೀರಿನ ಲೆಕ್ಕವೂ ಬದಲಾಗುತ್ತದೆ. ಸಡಿಲ ಮಣ್ಣು ಜಾರಿ ಕೆರೆಹಳ್ಳಗಳಲ್ಲಿ ಹೂಳಾಗುತ್ತದೆ. ಅಂತರ್ಜಲದ ಶೋಧನೆಯೂ ಒಂದು ಕಾಲದಲ್ಲಿ ಇದೇ ಸಂಸ್ಥೆಯ ಅಂಗವಾಗಿದ್ದಿತು. 1972ರಲ್ಲಿ ಆ ಶಾಖೆಯು ಕೇಂದ್ರೀಯ ಅಂತರ್ಜಲ ಮಂಡಳಿಯೊಡನೆ ಸೇರಿತು. ಈಗ ಸಂಸ್ಥೆಯವರು ದೇಶದ ಹಳ್ಳತೊರೆಗಳ ಮರಳುಮಣ್ಣನ್ನು ಚೌಕಚೌಕವಾಗಿ ಸಂಗ್ರಹಿಸಿ, ಯಾವ ಧಾತು ಎಲ್ಲಿ ಎಷ್ಟಿದೆ ಎಂಬ ನಕ್ಷೆಯನ್ನು ರಚಿಸುತ್ತಿದ್ದಾರೆ. ಹೊಸ ಖನಿಜದ ಸುಳಿವನ್ನು ಕೊಡುವ ಆ ನಕ್ಷೆಯೇ, ಯಾವ ಊರಿನ ನೆಲದಲ್ಲಿ ವಿಷಧಾತುವು ಮಿತಿಮೀರಿದೆಯೆಂಬ ಎಚ್ಚರಿಕೆಯನ್ನೂ ಕೊಡಬಲ್ಲುದು.

ಸಂಡೂರನ್ನು ನೋಡಲು ಹೋಗುವವರು ಹಸಿರು ಇಳಿಜಾರನ್ನೂ ಅದರ ಪಕ್ಕದಲ್ಲಿಯೇ ಮೆಟ್ಟಿಲುಮೆಟ್ಟಿಲಾಗಿ ಕಡಿದ ಕೆಂಪು ಗಣಿಯನ್ನೂ ಒಂದೇ ನೋಟದಲ್ಲಿ ಕಾಣುತ್ತಾರೆ. ತಪ್ಪಲಿನ ಹೊಲದಲ್ಲಿ ಈ ವರ್ಷ ಕೊಯ್ದ ಜೋಳವು ಮುಂದಿನ ಮಳೆಗೆ ಮತ್ತೆ ಮೊಳೆಯುತ್ತದೆ. ಬೆಟ್ಟಕ್ಕೆ ಮಾತ್ರ ಒಂದೇ ಫಸಲು. ಅದನ್ನು ಎಷ್ಟು ಕೊಯ್ಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಭೂವಿಜ್ಞಾನಿಯ ಕೈಯಲ್ಲಿಲ್ಲ. ಅದು ಸಮಾಜದ ಹೊಣೆ. ಕಣಜದಲ್ಲಿ ಎಷ್ಟಿದೆಯೆಂಬ ನಿಜವನ್ನು ಅಳೆದು ಹೇಳುವುದು ಅವನ ಕೆಲಸ. ನೂರು ವರ್ಷಗಳಿಗೂ ಮೀರಿದ ಕಾಲದಿಂದ ಅವನು ಅದನ್ನು ಹೇಳುತ್ತಲೇ ಬಂದಿದ್ದಾನೆ.