ನಿಂತ ನೀರು

ನೀರು ಒಮ್ಮೆಗೇ ಕಟ್ಟಿಕೊಂಡರೆ ಮನೆಯವರೆಲ್ಲರೂ ಎಚ್ಚತ್ತುಕೊಳ್ಳುತ್ತಾರೆ; ಮೆಲ್ಲಮೆಲ್ಲನೆ ಇಳಿಯತೊಡಗಿದರೆ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಚ್ಚಲುಮನೆಯ ಬೇಸಿನ್ನಿನ ವಿಷಯದಲ್ಲಿ ಇದು ಅನುಭವಸಿದ್ಧವಾದ ಮಾತು. ಮೊದಲ ವಾರ ಮುಖ ತೊಳೆದ ನೀರು ಕ್ಷಣಕಾಲ ತಂಗಿ ಇಳಿಯುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಒಬ್ಬರು ಹಲ್ಲುಜ್ಜಿ ಉಗುಳಿದ ನೊರೆಯ ಮೇಲೆ ಇನ್ನೊಬ್ಬರು ಮುಖ ಬಾಗಿಸಬೇಕಾಗುತ್ತದೆ. ಆಗಲೂ ಮನೆಯವರು ಒಬ್ಬರನ್ನೊಬ್ಬರು ದೂರುವರೇ ಹೊರತು ಬೇಸಿನ್ನಿನ ಕೆಳಗೆ ಬಗ್ಗಿ ನೋಡುವವರಿಲ್ಲ. ಮೇಲಿನ ಬಿಳಿಯ ಪಿಂಗಾಣಿ ತಮ್ಮದು, ಕೆಳಗಿನ ಕೊಳವೆ ಇನ್ನಾರದೋ ಎಂಬ ಭಾವನೆ ಸಭ್ಯ ಕುಟುಂಬಗಳಲ್ಲಿ ಬಲವಾಗಿ ಬೇರೂರಿದೆ.

ಬಯಲುಸೀಮೆಯ ಪಟ್ಟಣವೊಂದರ ಗೃಹಸ್ಥರೊಬ್ಬರು ಇದೇ ಭಾವನೆಯಲ್ಲಿ ಐವತ್ತು ವರ್ಷಗಳನ್ನು ಕಳೆದಿದ್ದರು. ಅವರ ಮನೆಗೆ ಬರುವುದು ಕೊಳವೆಬಾವಿಯ ಗಡಸು ನೀರು. ಅಂತಹ ನೀರಿನಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿ, ಕರಗದ ಜಿಡ್ಡಾಗಿ ಕೊಳವೆಯ ಒಳಮೈಗೆ ಹತ್ತಿಕೊಳ್ಳುತ್ತದೆ. ಉದುರಿದ ತಲೆಗೂದಲು ಅದರಲ್ಲಿ ಸಿಕ್ಕಿ, ಗಾರೆಗೆ ನಾರು ಸೇರಿದಂತೆ, ಎರಡೂ ಬಿಗಿಯಾಗುತ್ತವೆ. ಗೃಹಸ್ಥರು ಮೊದಲು ಅಡಿಗೆಯ ಸೋಡವನ್ನೂ ವಿನಿಗರನ್ನೂ ಸುರಿದರು. ನೊರೆಯೇನೋ ಸೊಗಸಾಗಿ ಉಕ್ಕಿತು. ಆದರೆ ಆ ಎರಡು ಪದಾರ್ಥಗಳು ಒಂದರ ಕಸುವನ್ನೊಂದು ಕಳೆದು ಸಪ್ಪೆಯಾಗುವುವಾದುದರಿಂದ ಉಕ್ಕಿದ್ದಷ್ಟೇ ಲಾಭ. ಆಮೇಲೆ ಅಂಗಡಿಯಿಂದ ಕಾಸ್ಟಿಕ್ ಸೋಡದ ಪುಡಿಯನ್ನು ತಂದು ರಾತ್ರಿ ಧಾರಾಳವಾಗಿ ಹಾಕಿ ಮಲಗಿದರು. ಬೆಳಗಾದರೂ ನೀರು ಇಳಿದಿರಲಿಲ್ಲ. ಕೊಳಾಯಿ ರಿಪೇರಿಯವನಿಗೆ ಹೇಳಿ ಕಳುಹಿಸಿ, ತಾವು ಪತ್ರಿಕೆ ಹಿಡಿದು ಪಡಸಾಲೆಯಲ್ಲಿ ಕುಳಿತರು.

ಬಂದವನು ಇಪ್ಪತ್ತೆರಡು ವರ್ಷದ ಹುಡುಗ. ಹಿಂದಿನ ರಾತ್ರಿ ಏನು ಸುರಿದಿತ್ತೆಂದು ಅವನಿಗೆ ಯಾರೂ ಹೇಳಲಿಲ್ಲ. ಮುಚ್ಚಿಟ್ಟರೆಂದಲ್ಲ, ಹೇಳಬೇಕೆಂಬುದು ಯಾರಿಗೂ ತೋಚಲೇ ಇಲ್ಲ. ಅವನು ಕೆಳಗಿನ ಬಟ್ಟಲನ್ನು ತಿರುಗಿಸಿ ಬಿಚ್ಚಿದೊಡನೆ ರಾತ್ರಿಯೆಲ್ಲ ಅಲ್ಲಿ ನಿಂತಿದ್ದ ಕ್ಷಾರದ ನೀರು ಮಣಿಕಟ್ಟಿನ ಮೇಲೆ ಹರಿಯಿತು. ಗೃಹಿಣಿ ಓಡಿಬಂದು ಅವನ ಕೈಯನ್ನು ಅರ್ಧ ಗಂಟೆ ಕೊಳಾಯಿಯ ಕೆಳಗೆ ಹಿಡಿಸಿದರು. ಗಾಯ ಆಳಕ್ಕೆ ಇಳಿಯದಿದ್ದುದು ಆ ನೀರಿನ ಪುಣ್ಯ. ವೈದ್ಯರ ಖರ್ಚನ್ನು ಗೃಹಸ್ಥರು ಕೊಟ್ಟರು. ಹುಡುಗನು ಬೈಯಲಿಲ್ಲ. “ಮೊದಲೇ ಒಂದು ಮಾತು ಹೇಳಿದ್ದರೆ ಕೈಚೀಲ ಹಾಕಿಕೊಳ್ಳುತ್ತಿದ್ದೆ, ಸ್ವಾಮಿ” ಎಂದನಷ್ಟೆ. ಬೈದಿದ್ದರೆ ಅವರಿಗೆ ನಿದ್ರೆ ಬರುತ್ತಿತ್ತೋ ಏನೋ. ಚರಂಡಿಗೂ ಮಲಗುಂಡಿಗೂ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸಕೂಡದೆಂದು 2013ರಲ್ಲಿ ಶಾಸನವಾಗಿದೆ. ಬೇಸಿನ್ನಿನ ಕೆಳಗೆ ಕುಳಿತವನ ಕೈಯನ್ನು ಕಾಯುವ ಶಾಸನ ಮಾತ್ರ ಮನೆಯವರ ನಾಲಗೆಯ ಮೇಲೆಯೇ ಇರಬೇಕಾದುದು.

ವರ್ಷ ತುಂಬುವುದರೊಳಗೆ ನೀರು ಮತ್ತೆ ನಿಂತಿತು. ಈ ಸಲ ಗೃಹಸ್ಥರು ಪುಡಿಯನ್ನೂ ತರಲಿಲ್ಲ, ಹುಡುಗನನ್ನೂ ಕರೆಯಲಿಲ್ಲ. ಪಂಚೆಯನ್ನು ಮೇಲಕ್ಕೆ ಕಟ್ಟಿ, ಕೈಗೆ ರಬ್ಬರಿನ ಚೀಲ ತೊಟ್ಟು, ನೆಲದ ಮೇಲೆ ಕುಳಿತರು. ಗೃಹಿಣಿ ಬಾಗಿಲಲ್ಲಿ ನಿಂತು ಇದು ಎಷ್ಟು ಹೊತ್ತಿನ ಉತ್ಸಾಹವೆಂದು ನೋಡುತ್ತಿದ್ದರು.

ಬೇಸಿನ್ನಿನ ಕೆಳಗಿನ ಆ ಬಟ್ಟಲಾಗಲಿ, ಕೆಲವು ಮನೆಗಳಲ್ಲಿರುವ ಬಾಗಿದ ಕೊಳವೆಯಾಗಲಿ, ನೋಡುವವರಿಗೆ ನೀರನ್ನು ತಡೆಯಲೆಂದೇ ಇಟ್ಟಂತೆ ಕಾಣುತ್ತದೆ. ಕಾರಣ ಬೇರೆ. ಅದರಲ್ಲಿ ಸದಾ ನಿಲ್ಲುವ ಕೊಂಚ ನೀರು ಚರಂಡಿಯ ದುರ್ವಾಯು ಮನೆಯೊಳಕ್ಕೆ ಬಾರದಂತೆ ಬಾಗಿಲಾಗಿರುತ್ತದೆ. ಹೀಗೆ ಬಾಗಿದ ಕೊಳವೆಯುಳ್ಳ ಶೌಚಪಾತ್ರೆಗೆ 1775ರಲ್ಲಿ ಪೇಟೆಂಟು ಪಡೆದವನು ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಗ್ಸಾಂಡರ್ ಕಮಿಂಗ್. ಸೂಕ್ಷ್ಮ ಚಕ್ರಗಳಲ್ಲಿ ಪಳಗಿದ ಕೈ ಇಂತಹ ಕೆಲಸಕ್ಕೆ ಹೇಸಲಿಲ್ಲವೆಂಬುದನ್ನು ನೆನೆದು ಗೃಹಸ್ಥರಿಗೆ ಸ್ವಲ್ಪ ಧೈರ್ಯ ಬಂದಿತು.

ಕೆಳಗೆ ಬಕೆಟ್ಟಿಟ್ಟು ಬಟ್ಟಲನ್ನು ತಿರುಗಿಸಿದರು. ಕಪ್ಪು ನೀರು ಬಕೆಟ್ಟಿಗೆ ಬಿದ್ದಿತು. ಅದರ ಹಿಂದೆಯೇ ಇಲಿಯ ಬಾಲದಂತಹದೊಂದು ಇಳಿಬಿದ್ದಿತು. ಎಳೆದಷ್ಟೂ ಬರುತ್ತಿತ್ತು. ಮಗಳ ನೀಳವಾದ ಕರಿಗೂದಲು, ಗೃಹಿಣಿಯ ಅರೆನರೆ, ಯಜಮಾನರ ಕ್ಷೌರದ ಚೂರುಗಳು, ಎಲ್ಲವನ್ನೂ ಸಾಬೂನಿನ ಜಿಡ್ಡು ಒಂದೇ ಹಗ್ಗವಾಗಿ ಹೊಸೆದಿತ್ತು. ಒಳಗೆ ಟೂತ್‌ಪೇಸ್ಟಿನ ಮುಚ್ಚಳವೊಂದಿತ್ತು. ಅದನ್ನು ಕಳೆದವಳೆಂದು ಮಗಳು ಬೈಸಿಕೊಂಡು ಆಗಲೇ ಎಷ್ಟೋ ದಿನವಾಗಿತ್ತು. ವಾಸನೆ ಸಹಿಸುವಂತಿರಲಿಲ್ಲ. ಆದರೂ ಅದರಲ್ಲಿ ಪರರದೆಂಬುದು ಒಂದು ಎಳೆಯೂ ಇರಲಿಲ್ಲ.

ಕೆಲಸ ಮುಗಿಯಿತೆಂಬ ಹಿಗ್ಗಿನಲ್ಲಿ ಗೃಹಸ್ಥರು ಎದ್ದು, ಬಕೆಟ್ಟಿನ ಕೊಳೆನೀರನ್ನು ವಾಡಿಕೆಯಂತೆ ಬೇಸಿನ್ನಿಗೇ ಸುರಿದರು. ಕೆಳಗೆ ಬಟ್ಟಲಿರಲಿಲ್ಲ. ನೀರು ನೇರವಾಗಿ ಅವರ ಪಾದಗಳ ಮೇಲೆ ಬಿದ್ದಿತು. ಬಾಗಿಲಲ್ಲಿ ಅದುವರೆಗೆ ಗಾಂಭೀರ್ಯವಿತ್ತು, ಆಮೇಲೆ ಇರಲಿಲ್ಲ.

ಬಟ್ಟಲನ್ನು ಹಳೆಯ ಬ್ರಷ್ಷಿನಿಂದ ಉಜ್ಜಿ, ವಾಷರು ತನ್ನ ಸ್ಥಾನದಲ್ಲಿ ಕುಳಿತಿದೆಯೇ ಎಂದು ನೋಡಿ, ಕೈಯಿಂದಲೇ ತಿರುಗಿಸಿ ಬಿಗಿ ಮಾಡಿದರು. ಪ್ಲಾಸ್ಟಿಕ್ಕಿನ ತಿರುಪು ಇಕ್ಕಳದ ಹಿಡಿತಕ್ಕೆ ಸೀಳಿಬಿಡುತ್ತದೆ. ಕೊಳಾಯಿ ಬಿಟ್ಟೊಡನೆ ನೀರು ಸುಳಿಸುತ್ತಿ ಸದ್ದು ಮಾಡುತ್ತ ಇಳಿಯಿತು. ಸಂದಿನ ಕೆಳಗೆ ಒಣ ಕಾಗದವೊಂದನ್ನು ಹಾಸಿದರು. ಮರುದಿನ ಬೆಳಗ್ಗೆ ಕಾಗದ ಒಣಗಿಯೇ ಇತ್ತು.

ಆ ಹುಡುಗನು ಎರಡು ತಿಂಗಳ ಮೇಲೆ ಮಾಳಿಗೆಯ ತೊಟ್ಟಿಯ ಕೆಲಸಕ್ಕೆ ಬಂದವನು, ಕೈತೊಳೆಯಲು ಬೇಸಿನ್ನಿನ ಮುಂದೆ ನಿಂತು ಕೊಳಾಯಿ ತಿರುಗಿಸುವ ಮೊದಲು ಕೇಳಿದನು: “ಇದಕ್ಕೆ ಏನಾದರೂ ಹಾಕಿದ್ದೀರಾ, ಸ್ವಾಮಿ?”

“ಏನೂ ಇಲ್ಲಪ್ಪ, ನೀರು ಮಾತ್ರ” ಎಂದು ಗೃಹಸ್ಥರು ಒಳಗಿನಿಂದ ಎದ್ದು ಬಂದು ಹೇಳಿದರು.