ಕಾಣದ ಸರಕಿನ ಅಂಗಡಿ



ಸೌರಾಷ್ಟ್ರದ ಆದಯ್ಯನವರು ವ್ಯಾಪಾರದ ನಿಮಿತ್ತ ಪುಲಿಗೆರೆಗೆ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ, ಬಂದವರೆಂಬುದನ್ನು ತಾವೆಲ್ಲ ಬಲ್ಲಿರಿ. ಆ ಕಾಲದ ವರ್ತಕನು ಸರಕಿನೊಡನೆ ತಾನೂ ಬರುತ್ತಿದ್ದನು. ಕೊಳ್ಳುವವನು ಸರಕನ್ನು ಮುಟ್ಟಿ ನೋಡಿ, ಮಾರುವವನ ಮುಖವನ್ನೂ ನೋಡಿ ಬೆಲೆ ಮಾಡುತ್ತಿದ್ದನು. ಆದಯ್ಯನವರ ವಚನಗಳಿಗೆ ಟಿಪ್ಪಣಿ ಸಿದ್ಧಪಡಿಸುತ್ತಿದ್ದ ದಿನಗಳಲ್ಲಿಯೇ, 2021ರ ಆಗಸ್ಟ್ ತಿಂಗಳಲ್ಲಿ, ನನ್ನ ತಮ್ಮನು ಅದೇ ಗುಜರಾತದ ಸರಕನ್ನು ಕಣ್ಣಿನಿಂದ ಕಾಣದೆಯೇ ಮಾರುವ ಅಂಗಡಿಯೊಂದನ್ನು ತೆರೆದನು. ಆ ಅಂಗಡಿಯಲ್ಲಿ ನನ್ನ ಪಾಲೂ ಇದ್ದಿತು. ಅದನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ.

ತಮ್ಮನು ಹುಬ್ಬಳ್ಳಿಯ ಅರಿವೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು. 2020ರ ಲಾಕ್‌ಡೌನಿನಲ್ಲಿ ಆ ಕೆಲಸ ಹೋಯಿತು. ಬಂಡವಾಳವಿಲ್ಲ, ಮಳಿಗೆಗೆ ಕೊಡಲು ಮುಂಗಡವಿಲ್ಲ. ಹೀಗಿರುವಲ್ಲಿ ಅವನಿಗೆ ‘ಡ್ರಾಪ್‌ಶಿಪ್ಪಿಂಗ್’ ಎಂಬ ಪದ್ಧತಿಯ ಪರಿಚಯವಾಯಿತು. ಇದರ ಕ್ರಮ ಹೀಗಿದೆ. ಸೂರತ್ತಿನ ಸಗಟು ವ್ಯಾಪಾರಿಯು ಸೀರೆಗಳ ಚಿತ್ರಗಳನ್ನು ವಾಟ್ಸಾಪಿನಲ್ಲಿ ಕಳಿಸುತ್ತಾನೆ. ನಾವು ಆ ಚಿತ್ರಗಳನ್ನು ನಮ್ಮ ಆನ್‌ಲೈನ್ ಅಂಗಡಿಯಲ್ಲಿ ನಮ್ಮ ಬೆಲೆಯೊಡನೆ ಏರಿಸುತ್ತೇವೆ. ಗಿರಾಕಿಯು ಆರ್ಡರ್ ಕೊಟ್ಟ ಮೇಲೆ ನಾವು ಸೂರತ್ತಿಗೆ ಹಣ ಕಟ್ಟಿ ಗಿರಾಕಿಯ ವಿಳಾಸವನ್ನು ತಿಳಿಸುತ್ತೇವೆ. ಸರಕು ಸೂರತ್ತಿನಿಂದ ನೇರವಾಗಿ ಗಿರಾಕಿಯ ಮನೆಗೆ ಹೋಗುತ್ತದೆ. ನಡುವೆ ಉಳಿದ ಹಣ ನಮ್ಮದು. ದಾಸ್ತಾನಿಲ್ಲ, ಗೋದಾಮಿಲ್ಲ. ಬಡವನೊಬ್ಬನು ಅಂಗಡಿಕಾರನಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲವೆಂದು ನನಗೂ ಅನ್ನಿಸಿತು. ಈಗಲೂ ಆ ಪದ್ಧತಿಯನ್ನು ನಾನು ಪೂರ್ತಿ ಅಲ್ಲಗಳೆಯಲಾರೆ.

ನನ್ನ ಪಾಲಿಗೆ ಬಂದದ್ದು ಬರೆಯುವ ಕೆಲಸ. “ಅಣ್ಣಾ, ನೀ ಎಂ.ಎ. ಓದಿದಾಂವ, ಒಂದೊಂದು ಸೀರಿಗೆ ನಾಲ್ಕು ಸಾಲು ಬರದುಕೊಡು” ಎಂದನು. ಮಠದ ಕೆಲಸ ಮುಗಿದ ಮೇಲೆ ರಾತ್ರಿ ಕುಳಿತು ಬರೆದೆನು. ಸಗಟು ವ್ಯಾಪಾರಿಯ ಪಟ್ಟಿಯಲ್ಲಿದ್ದುದು ‘ಇಳಕಲ್ ಪ್ಯಾಟರ್ನ್, ಸಾಫ್ಟ್ ಕಾಟನ್’ ಎಂಬಷ್ಟೇ. ‘ಪ್ಯಾಟರ್ನ್’ ಎಂಬ ಇಂಗ್ಲಿಷ್ ಪದವು ಕನ್ನಡ ವಾಕ್ಯದಲ್ಲಿ ಚೆಂದ ಕಾಣದೆಂದು ನಾನು ಅದನ್ನು ಬಿಟ್ಟೆನು. ‘ಮಗ್ಗದ ಸೊಬಗು’ ಎಂದು ಸೇರಿಸಿದೆನು. ‘ನೇಕಾರನ ಬೆರಳಿನ ಬೆಚ್ಚನೆ ಸ್ಪರ್ಶ’ ಎಂದೂ ಬರೆದ ನೆನಪು. ಯಾವ ನೇಕಾರ, ಯಾವ ಬೆರಳು? ನಾನು ಕಂಡದ್ದು ಮೊಬೈಲಿನ ಚಿತ್ರವೊಂದನ್ನೇ.

ಲೆಕ್ಕವನ್ನೂ ಸ್ವಲ್ಪ ಹೇಳಬೇಕು. ಏಕೆಂದರೆ ಈ ದಂಧೆಗೆ ಇಳಿಯುವ ಹುಡುಗರು ಮಠಕ್ಕೆ ಬಂದು ಆಗಾಗ ಕೇಳುತ್ತಾರೆ. ಸೀರೆಯ ಬೆಲೆ 1,650 ರೂಪಾಯಿ. ಸೂರತ್ತಿಗೆ 950, ಕೊರಿಯರಿಗೆ 90, ಕ್ಯಾಶ್ ಆನ್ ಡೆಲಿವರಿಯ ಶುಲ್ಕ 40, ಒಂದು ಆರ್ಡರ್ ಬರಲು ಜಾಹೀರಾತಿಗೆ ಸುಮಾರು 200. ಉಳಿಯುವುದು 370 ರೂಪಾಯಿ. ಮೇಲುನೋಟಕ್ಕೆ ಸಾಲದೆನ್ನಲಾಗದು. ಆದರೆ ಬಾಗಿಲಲ್ಲಿ ಹಣ ಕೊಡುವ ಪದ್ಧತಿಯಲ್ಲಿ ಕೆಲವರು ಬಾಗಿಲನ್ನೇ ತೆರೆಯುವುದಿಲ್ಲ. ಕೆಲವರು ಬೇಡವೆಂದು ಮರಳಿಸುತ್ತಾರೆ. ನಮಗೆ ಹತ್ತರಲ್ಲಿ ಮೂರು ಮರಳಿ ಬಂದವು. ಮರಳಿದ ಒಂದೊಂದಕ್ಕೆ ಹೋಗುವ ಕೊರಿಯರ್ 90, ಬರುವ ಕೊರಿಯರ್ 80, ಜಾಹೀರಾತು 200, ಒಟ್ಟು 370. ಅಂದರೆ ಒಂದು ಸೀರೆ ಮಾರಿ ಗಳಿಸಿದ್ದನ್ನು ಒಂದು ಮರಳಿದ ಸೀರೆ ಸರಿಯಾಗಿ ನುಂಗುತ್ತದೆ. ಹತ್ತು ಆರ್ಡರಿಗೆ ಉಳಿದದ್ದು 1,480 ರೂಪಾಯಿ. ಅದೂ ಸಗಟು ವ್ಯಾಪಾರಿಯು ಸರಕನ್ನು ಹಿಂದಕ್ಕೆ ತೆಗೆದುಕೊಂಡರೆ ಮಾತ್ರ. ಮೂರನೆಯ ತಿಂಗಳಿನಿಂದ ಅವನು ತೆಗೆದುಕೊಳ್ಳುವುದನ್ನು ನಿಲ್ಲಿಸಿದನು. ಮೂರು ಸೀರೆಯ 2,850 ರೂಪಾಯಿ ನಮ್ಮ ತಲೆಯ ಮೇಲೆ ಬಿದ್ದು, ಹತ್ತು ಆರ್ಡರಿಗೆ 1,370 ರೂಪಾಯಿ ನಷ್ಟವಾಗತೊಡಗಿತು. ದಾಸ್ತಾನಿಲ್ಲದ ಅಂಗಡಿಯ ದಾಸ್ತಾನು ತಮ್ಮನ ಮನೆಯ ಅಟ್ಟ ತುಂಬಿತು. ನಮ್ಮ ಸರಕನ್ನು ನಾವು ಮೊದಲ ಬಾರಿಗೆ ಕೈಯಲ್ಲಿ ಹಿಡಿದದ್ದು ಪರರು ಬೇಡವೆಂದ ಮೇಲೆ.

(ಒಮ್ಮೆ ಸೂರತ್ತಿನವರು ತಮ್ಮ 950 ರೂಪಾಯಿಯ ಬಿಲ್ಲನ್ನೇ ಗಿರಾಕಿಯ ಪೊಟ್ಟಣದೊಳಗೆ ಹಾಕಿ ಕಳಿಸಿದ್ದರು. ಆ ದಿನ ತಮ್ಮನು ಕೇಳಿದ ಮಾತುಗಳನ್ನು ಇಲ್ಲಿ ಬರೆಯಲಾಗದು.)

2022ರ ಬೇಸಿಗೆಯಲ್ಲಿ ಹಿರಿಯ ತಾಯಿಯೊಬ್ಬರು ಮಠಕ್ಕೆ ಬಂದರು. ಪ್ರತಿ ಸೋಮವಾರ ಬರುವವರು, ಹಿಂದೆ ನನ್ನ ಬರಹಗಳನ್ನು ಓದಿ ಮೆಚ್ಚಿದವರು. ಮಗಳ ಕುಬಸಕ್ಕೆಂದು ನಮ್ಮ ಅಂಗಡಿಯಿಂದ ಹಸಿರು ಸೀರೆ ತರಿಸಿದ್ದರಂತೆ, ನನಗೆ ಗೊತ್ತಿರಲಿಲ್ಲ. ಚೀಲದಿಂದ ಸೀರೆಯನ್ನು ತೆಗೆದು ನನ್ನ ಮೇಜಿನ ಮೇಲೆ ಹಾಸಿ, “ತಮ್ಮಾ, ನೀ ಬರದದ್ದು ಓದೇ ತರಿಸೀನಿ. ಇದರಾಗ ಕೊಂಡಿ ಎಲ್ಲೈತಿ, ತೋರಸಪಾ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಮ್ಮ ಕಣ್ಣು ಮಂಜಾಗಿ ಕಾಣುತ್ತಿಲ್ಲವೇನೋ ಎಂಬಂತೆ ಕೇಳಿದರು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಈ ಎರಡರ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ನಮ್ಮ ಕಡೆಯ ಹೆಣ್ಣುಮಕ್ಕಳು ಸೀರೆಯನ್ನು ತಿರುವಿ ಮೊದಲು ನೋಡುವುದೇ ಆ ಜಾಗವನ್ನು. ಮೇಜಿನ ಮೇಲಿದ್ದುದು ಯಂತ್ರದಲ್ಲಿ ಒಂದೇ ಹಾಸಿನಿಂದ ನೇಯ್ದ ಪಾಲಿಯೆಸ್ಟರ್ ಬಟ್ಟೆ. ಅಂಚು ಮಾತ್ರ ಇಳಕಲ್ಲಿನದರಂತಿತ್ತು. ನಾನು ಏನೂ ತೋರಿಸಲಾಗಲಿಲ್ಲ.

ಸಂಜೆ ತಮ್ಮನಿಗೆ ಫೋನು ಮಾಡಿದೆನು. “ಮಾಲು ನಮ್ಮದಲ್ಲಣ್ಣಾ, ತಪ್ಪು ಹೆಂಗ ನಮ್ಮದಾಗತೈತಿ?” ಎಂದನು. ಈ ಪ್ರಶ್ನೆಯು ಅವನೊಬ್ಬನದಲ್ಲ. ಈ ಪದ್ಧತಿಯಲ್ಲಿ ವ್ಯಾಪಾರ ಮಾಡುವವರೆಲ್ಲರ ನಾಲಗೆಯ ಮೇಲೆ ಇದೇ ಇರುತ್ತದೆ. ಕಾನೂನು ಇದನ್ನು ಒಪ್ಪುವುದಿಲ್ಲ. 1930ರ ಸರಕು ಮಾರಾಟ ಕಾಯಿದೆಯ 15ನೆಯ ಕಲಮಿನಂತೆ, ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ತಕ್ಕಂತೆ ಇರಬೇಕೆಂಬುದು ಮಾರಾಟದ ಷರತ್ತೇ ಆಗಿದೆ. 2020ರ ಜುಲೈಯಲ್ಲಿ ಬಂದ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ಮರಳಿ ಪಡೆಯಲು ಮಾರುವವನು ನಿರಾಕರಿಸುವಂತಿಲ್ಲ. ಬಿಲ್ಲುಗಳೂ ಎರಡು: ಸೂರತ್ತಿನವರು ತಮ್ಮನ ಹೆಸರಿಗೆ ಒಂದು, ತಮ್ಮನು ಗಿರಾಕಿಯ ಹೆಸರಿಗೆ ಒಂದು. ಗಿರಾಕಿಯ ಕೈಯಲ್ಲಿರುವ ಕಾಗದದಲ್ಲಿ ಸೂರತ್ತಿನ ಹೆಸರೇ ಇಲ್ಲ.

ಆದರೆ ಆ ರಾತ್ರಿ ನನ್ನನ್ನು ಕಾಡಿದ್ದು ಕಲಮುಗಳಲ್ಲ. ನೂಲು ಅವರದು, ಮಗ್ಗ ಅವರದು, ಪೊಟ್ಟಣ ಕಟ್ಟಿದವರು ಅವರು, ಹೊತ್ತು ತಂದವರು ಕೊರಿಯರಿನವರು. ಹಾಗಾದರೆ ಈ ವ್ಯಾಪಾರದಲ್ಲಿ ನಮ್ಮದೆಂಬುದು ಏನಿತ್ತು? ಆ ನಾಲ್ಕು ಸಾಲುಗಳು ಮಾತ್ರ. ನಾವು ಮಾರಿದ್ದು ಮಾತನ್ನೇ, ಅದರಲ್ಲಿಯೇ ಕಲಬೆರಕೆ ಮಾಡಿದ್ದೆವು. ಸಗಟು ವ್ಯಾಪಾರಿಯಾದರೋ ‘ಪ್ಯಾಟರ್ನ್’ ಎಂದು ಸತ್ಯವನ್ನೇ ಬರೆದಿದ್ದನು. ಆ ಪದವನ್ನು ತೆಗೆದವನು ನಾನು. ಕಾಯಕವೆಂಬ ಪದಕ್ಕೆ ಹತ್ತು ಕಡೆ ವ್ಯಾಖ್ಯಾನ ಬರೆದ ಲೇಖನಿಯಿಂದಲೇ ಇದನ್ನೂ ಬರೆದಿದ್ದೆನು.

ದೊಡ್ಡ ಅಂಗಡಿಗಳಿಗೂ ಈ ಇಕ್ಕಟ್ಟು ಬಂದುದುಂಟು. ಅಮೆರಿಕದಲ್ಲಿ 1999ರಲ್ಲಿ ಆರಂಭವಾದ ಜಾಪೋಸ್ ಎಂಬ ಪಾದರಕ್ಷೆಗಳ ಆನ್‌ಲೈನ್ ಅಂಗಡಿಯು ಮೊದಲು ಡ್ರಾಪ್‌ಶಿಪ್ಪಿಂಗ್ ಪದ್ಧತಿಯಿಂದಲೇ ಬೆಳೆಯಿತು. ಸರಕು ಇದೆಯೋ ಇಲ್ಲವೋ, ಯಾವಾಗ ತಲುಪುವುದೋ ಎಂಬುದು ತನ್ನ ಕೈಯಲ್ಲಿಲ್ಲದ್ದನ್ನು ಕಂಡು 2003ರಲ್ಲಿ ಆ ಪದ್ಧತಿಯನ್ನು ಪೂರ್ತಿ ಕೈಬಿಟ್ಟಿತು. ಆಗ ಅದರ ಮಾರಾಟದ ಸುಮಾರು ಕಾಲುಭಾಗ ಆ ದಾರಿಯಿಂದಲೇ ಬರುತ್ತಿತ್ತು. ಇದನ್ನು ತಮ್ಮನಿಗೆ ಹೇಳಿದಾಗ, “ಅವರ ಕಡೆ ಉಳಿದ ಮುಕ್ಕಾಲು ಭಾಗ ಇತ್ತಲ್ಲಣ್ಣಾ” ಎಂದು ನಕ್ಕನು. ಅವನ ಮಾತಿನಲ್ಲಿಯೂ ಹುರುಳಿತ್ತು. ಅವನು ಆ ದಾರಿಯನ್ನು ಬಿಡಲಿಲ್ಲ, ಬಿಡುವ ಸ್ಥಿತಿಯಲ್ಲಿಯೂ ಇರಲಿಲ್ಲ.

ತಾಯಿಯವರ ಹಣವನ್ನು ಮರಳಿಸಿದೆವು. ಬಳಿಕ ಇಬ್ಬರೂ ಇಳಕಲ್ಲಿಗೆ ಹೋದೆವು. ಅಲ್ಲಿಯ ನೇಕಾರರೊಬ್ಬರನ್ನು ಒಂದೊಂದೇ ಸೀರೆಯನ್ನು ಗಿರಾಕಿಯ ವಿಳಾಸಕ್ಕೆ ಕಳಿಸುವಿರಾ ಎಂದು ಕೇಳಿದಾಗ ಅವರು, “ಇವತ್ತ ಮಗ್ಗದ ಮ್ಯಾಲಿದ್ದದ್ದು ನಾಳೆ ಸಾವಕಾರರಿಗೆ ಹೋಗತೈತ್ರಿ. ನೀವು ಫೋಟೋ ಹಾಕಿ ಕುಂತರ ನಾ ಎಲ್ಲಿಂದ ತರಲಿ?” ಎಂದರು. ಕಡೆಗೆ ತಮ್ಮನು ಅವರಿಂದ ಆರು ಸೀರೆಗಳನ್ನು ಹಣ ಕೊಟ್ಟು ತಂದನು. ಅದು ಅವನ ಮೊದಲ ದಾಸ್ತಾನು.

ಸೂರತ್ತಿನಿಂದ ಈಗಲೂ ತರಿಸುತ್ತಾನೆ, ಬೇರೊಬ್ಬ ಸಗಟು ವ್ಯಾಪಾರಿಯಿಂದ. ಹೊಸ ನಮೂನೆಯ ಮೊದಲ ಸೀರೆ ಅವನ ಮನೆಗೆ ಬರಬೇಕು. ಅವನ ಹೆಂಡತಿ ಅದನ್ನು ಒಗೆದು ನೋಡಿ ಬಣ್ಣ ನಿಂತರೆ ಮಾತ್ರ ಅಂಗಡಿಗೆ ಏರುತ್ತದೆ. ಮರಳಿದ ಸರಕನ್ನು ಹಿಂಪಡೆಯುವ ಅವಧಿಯನ್ನು ಬರೆಯಿಸಿಕೊಂಡಿದ್ದಾನೆ. ಹಣವನ್ನು ಮೊದಲೇ ಕಟ್ಟುವ ಗಿರಾಕಿಗೆ 60 ರೂಪಾಯಿ ಕಡಿಮೆ. ಮರಳುವಿಕೆ ಇಳಿದಿದೆ, ಮಾರಾಟವೂ ಇಳಿದಿದೆ.

ವರ್ಣನೆಗಳನ್ನು ನಾನೇ ಬರೆಯುತ್ತೇನೆ, ಸೀರೆಯನ್ನು ಮಡಿಲಲ್ಲಿಟ್ಟುಕೊಂಡು. ಮೊನ್ನೆ ಬರೆದದ್ದು ಹೀಗಿದೆ: ‘ಪಾಲಿಯೆಸ್ಟರ್. ಯಂತ್ರಮಗ್ಗದ್ದು. ಇಳಕಲ್ ಅಂಚಿನ ಮಾದರಿ. ಕೊಂಡಿ ಇಲ್ಲ. ದಿನಬಳಕೆಗೆ ಬಾಳಿಕೆ ಬರುತ್ತದೆ.’ ತಮ್ಮನು ಓದಿ, “ಇಷ್ಟ ಒಣಾ ಒಣಾ ಬರದರ ಯಾರು ತೊಗೋತಾರಣ್ಣಾ?” ಎಂದನು. ವಾರದಲ್ಲಿ ನಾಲ್ಕು ಹೋದವು. ಒಂದನ್ನು ಅದೇ ತಾಯಿಯವರು, ಹೊಲಕ್ಕೆ ಹೋಗುವಾಗ ಉಡಲೆಂದು ತರಿಸಿದ್ದಾರೆ.