ಮೊದಲನೆಯ ಸಂಚಿಕೆ

ಕಲಬುರಗಿಯಲ್ಲಿರುವ ನನ್ನ ಮೊಮ್ಮಗನಿಗೆ ಈಗ ಹನ್ನೆರಡು ವರ್ಷ. ಕಳೆದ ಬೇಸಿಗೆಯ ರಜೆಯಲ್ಲಿ ಅವನು ಜೇವರ್ಗಿಯ ನಮ್ಮ ಮನೆಗೆ ಬಂದಾಗ, ಬಟ್ಟೆಯ ಚೀಲವನ್ನು ಬಸ್ಸಿನಲ್ಲಿಯೇ ಮರೆತರೂ ಒಂದು ಪುಸ್ತಕವನ್ನು ಮಾತ್ರ ಎದೆಗವಚಿಕೊಂಡು ಇಳಿದಿದ್ದನು. ಅದು ಯಂತ್ರಮಾನವರ ಮಹಾಯುದ್ಧವನ್ನು ಕುರಿತ ಇಂಗ್ಲಿಷ್ ಚಿತ್ರಕಥಾಮಾಲೆಯೊಂದರ ಮೊದಲನೆಯ ಸಂಚಿಕೆ. ಹಬ್ಬಹುಣ್ಣಿಮೆಗಳಲ್ಲಿ ಹಿರಿಯರು ಕೈಗಿಟ್ಟ ಹಣವನ್ನು ಕೂಡಿಸಿ, ಎರಡು ತಿಂಗಳು ಕಾದು ತರಿಸಿದ್ದನಂತೆ. ಬಸ್ಸಿನ ಕುಲುಕಾಟದಲ್ಲಿ ಹಾಳೆಗಳು ಮುದುಡಿಯಾವೆಂದು ದಾರಿಯಲ್ಲಿ ಅದನ್ನು ತೆರೆದೇ ಇರಲಿಲ್ಲ.

ಮುಖಪುಟವೇನೋ ಭರ್ಜರಿಯಾಗಿತ್ತು. ಕೆಂಪು ಆಕಾಶ, ಹೊತ್ತಿ ಉರಿಯುವ ನಗರ, ಒಬ್ಬರ ಕೊರಳನ್ನೊಬ್ಬರು ಹಿಚುಕುತ್ತಿರುವ ಇಬ್ಬರು ಉಕ್ಕಿನ ದೈತ್ಯರು. ಹುಡುಗನು ಅಂಗಳದ ಬೇವಿನ ಮರದ ನೆರಳಿನಲ್ಲಿ ಹೊರಸಿನ ಮೇಲೆ ಕುಳಿತು ಓದತೊಡಗಿದನು. ನಾನು ಎರಡು ರೊಟ್ಟಿ ಮುಗಿಸಿ ಕೈತೊಳೆದು ಬರುವಷ್ಟರಲ್ಲಿ ಪುಸ್ತಕವನ್ನು ಪಕ್ಕಕ್ಕಿಟ್ಟು ಸುಮ್ಮನೆ ಮರದ ತುದಿಯನ್ನು ನೋಡುತ್ತಿದ್ದನು.

“ಮುತ್ಯಾ, ಇದರಾಗ ಲಡಾಯಿನೇ ಇಲ್ಲ!” ಎಂದನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮೋಸಹೋದವರ ನಾಚಿಕೆಯಿತ್ತು.

ಕನ್ನಡಕ ಹಾಕಿಕೊಂಡು ನಾನೂ ಓದಿದೆನು. ಹುಡುಗನ ಮಾತು ಸುಳ್ಳಲ್ಲ. ಇದ್ದ ಪುಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪರಿಚಯಕ್ಕೇ ಸಂದಿದ್ದವು. ನಮ್ಮ ಕಡೆಯ ಮದುವೆಗಳಲ್ಲಿ ಅಕ್ಷತೆ ಬೀಳುವ ಮೊದಲು ಧ್ವನಿವರ್ಧಕದಲ್ಲಿ ಬಂದ ಬೀಗರ, ಪುಢಾರಿಗಳ ಹೆಸರುಗಳನ್ನು ಓದುತ್ತಾರಲ್ಲವೇ, ಹಾಗೆ ಒಬ್ಬೊಬ್ಬ ಯಂತ್ರಮಾನವನ ಹೆಸರು, ಆಯುಧ, ವೇಗ. ಬಳಿಕ ಒಂದು ಸಭೆ. ಸಭೆಯಲ್ಲಿ ಎಲ್ಲರದೂ ಒಂದೇ ಬಗೆಯ ಬೂದುಬಣ್ಣವಾದ್ದರಿಂದ ಮಾತನಾಡುವವನು ಯಾರೆಂಬುದೇ ತಿಳಿಯದು. ಕಡೆಯ ಪುಟದಲ್ಲಿ ಒಬ್ಬನು ಫಿರಂಗಿಯನ್ನು ಎತ್ತಿ ಹಿಡಿದಿದ್ದಾನೆ. ಕೆಳಗೆ ‘ಮುಂದಿನ ಸಂಚಿಕೆಯಲ್ಲಿ’ ಎಂಬ ಮಾತು. ಮುಖಪುಟದ ಕಾಳಗ ಒಳಗೆಲ್ಲಿಯೂ ಇಲ್ಲ. ಹೂರಣವಿಲ್ಲದ ಹೋಳಿಗೆಯನ್ನು ತುಪ್ಪ ಸವರಿ ಬಡಿಸಿದಂತಿತ್ತು.

ಆದರೂ ಮೇಷ್ಟರಾಗಿದ್ದವನ ಚಾಳಿ ಬಿಡುವುದುಂಟೇ? ಮೊದಲನೆಯ ಸಂಚಿಕೆಗಳ ಪರವಾಗಿ ವಕಾಲತ್ತು ವಹಿಸಿದೆನು. “ಅಮರ ಚಿತ್ರಕಥೆಯನ್ನೇ ನೋಡು. ಆ ಮಾಲೆ ಮೊದಲು ಹೊರಟದ್ದು ೧೯೬೫ರಲ್ಲಿ, ಬೆಂಗಳೂರಿನಿಂದ, ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಅವರ ಸಾಹಸ ಅದು. ಆದರೆ ಮೊದಲ ೧೦ ಸಂಚಿಕೆಗಳಲ್ಲಿ ರಾಮನೂ ಇಲ್ಲ, ಕೃಷ್ಣನೂ ಇಲ್ಲ. ಇದ್ದದ್ದು ಸಿಂಡರೆಲ್ಲಳಂಥವರ ಪರದೇಶದ ಕಥೆಗಳು. ಅನಂತ ಪೈ ಅವರ ‘ಕೃಷ್ಣ’ ಬಂದದ್ದು ೧೧ನೆಯದಾಗಿ. ಇಂಗ್ಲಿಷಿನ ಎಣಿಕೆ ಶುರುವಾದದ್ದೇ ೧೧ರಿಂದ. ಇನ್ನು ನಿನ್ನ ಯಂತ್ರಮಾನವರ ವಿಷಯ. ಅಮೆರಿಕದಲ್ಲಿ ೧೯೮೪ರಲ್ಲಿ ಮಾರ್ವೆಲ್ ಸಂಸ್ಥೆಯವರು ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಯುದ್ಧಮಾಲೆಯನ್ನು ೪ ಸಂಚಿಕೆಗಳಿಗೆಂದೇ ಆರಂಭಿಸಿದರು. ಅದು ೮೦ರವರೆಗೆ ಬೆಳೆದು ೧೯೯೧ರಲ್ಲಿ ನಿಂತಿತು. ಅದರ ಪಾತ್ರಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಮಾರಾಟಕ್ಕಿದ್ದ ಆಟಿಕೆಗಳು. ಜಪಾನಿನ ಟಕಾರಾದವರು ರೂಪಿಸಿದವು, ಹ್ಯಾಸ್ಬ್ರೊದವರು ಮಾರಿದವು. ಪ್ರತಿಯೊಂದು ಗೊಂಬೆಗೂ ಒಂದು ಹೆಸರು, ಒಂದು ಮಾತು ಬೇಡವೇ?”

ಹುಡುಗನು ತಾಳ್ಮೆಯಿಂದ ಕೇಳಿ, “ಆ ಹತ್ತು ಪುಸ್ತಕ ಕೊಂಡವರು ರೊಕ್ಕ ವಾಪಸ್ ಕೇಳಲಿಲ್ಲೇನು?” ಎಂದನು. ನನ್ನ ವಕಾಲತ್ತು ಅಲ್ಲಿಗೆ ಮುಗಿಯಿತು.

ನಿಜ ಹೇಳಬೇಕೆಂದರೆ ನನಗೂ ನಿರಾಶೆಯಾಗಿತ್ತು, ಆದರೆ ಅದರ ಕಾರಣ ಬೇರೆ. ಐದನೆಯ ಪುಟದಲ್ಲಿ ಒಂದು ಸಣ್ಣ ಚಿತ್ರವಿತ್ತು: ಸಾಲುಗಟ್ಟಿ ನಿಂತ ಯಂತ್ರಮಾನವರು ಗಣಿಯೊಳಗೆ ಅದಿರು ಅಗೆಯುತ್ತಿದ್ದಾರೆ. ಯಾರಿಗಾಗಿ ಅಗೆಯುತ್ತಿದ್ದಾರೆ? ಹೊತ್ತೊಯ್ಯುವವರು ಯಾರು? ಕಥೆಗಾರನು ಅದನ್ನು ಕೇಳಲೇ ಇಲ್ಲ. ಫಿರಂಗಿಯ ಕಡೆಗೆ ಅವಸರದಿಂದ ನಡೆದುಬಿಟ್ಟನು. ಕಾಳಗವಿಲ್ಲದಿದ್ದರೂ ಚಿಂತೆಯಿಲ್ಲ, ಕಾಳಗಕ್ಕೆ ಕಾರಣವೇ ಇಲ್ಲವಲ್ಲ!

ಆ ರಾತ್ರಿ ಅಂಗಳದಲ್ಲಿ ಮಲಗಿದಾಗ ಅವನಿಗೆ ‘ರೋಬೋ’ ಎಂಬ ಶಬ್ದದ ಕಥೆಯನ್ನು ಹೇಳಿದೆನು. ನಿಮಗೂ ಅದು ತಿಳಿದಿರಲಿ. ಝೆಕ್ ಭಾಷೆಯ ಲೇಖಕ ಕರೆಲ್ ಚಾಪೆಕ್‌ನು ೧೯೨೦ರಲ್ಲಿ ಒಂದು ನಾಟಕ ಬರೆದನು. ಕಾರ್ಖಾನೆಯಲ್ಲಿ ತಯಾರಾಗುವ ಕೃತಕ ಆಳುಗಳ ಕಥೆ ಅದು. ಆ ಆಳುಗಳಿಗೆ ಏನೆಂದು ಹೆಸರಿಡುವುದು? ಚಿತ್ರಕಾರನಾಗಿದ್ದ ತನ್ನ ಅಣ್ಣ ಯೋಸೆಫ್‌ನನ್ನು ಕೇಳಿದನು. ಅಣ್ಣನು ಬಾಯಲ್ಲಿ ಕುಂಚ ಕಚ್ಚಿಕೊಂಡು ಚಿತ್ರ ಬರೆಯುತ್ತಿದ್ದವನು ಹಾಗೆಯೇ, ಬೇಕಾದರೆ ರೋಬೋಟ್ ಎನ್ನು ಎಂದು ಗೊಣಗಿದನಂತೆ. ಝೆಕ್ ಭಾಷೆಯಲ್ಲಿ ‘ರೋಬೋಟ’ ಎಂದರೆ ಒಡೆಯನಿಗೆ ಒಕ್ಕಲುಗಳು ಮಾಡಲೇಬೇಕಾಗಿದ್ದ ಕೂಲಿಯಿಲ್ಲದ ದುಡಿಮೆ. ಆ ದೇಶದಲ್ಲಿ ಈ ಪದ್ಧತಿ ರದ್ದಾದದ್ದು ೧೮೪೮ರಲ್ಲಿ. ನಾಟಕದ ರೋಬೋಟುಗಳು ಕಬ್ಬಿಣದವಲ್ಲ, ನಮ್ಮಂತೆಯೇ ಚರ್ಮ ಮಾಂಸದವು. ಅವು ದಂಗೆಯೆದ್ದು ಮನುಷ್ಯರನ್ನೆಲ್ಲ ಕೊಂದು ಒಬ್ಬನನ್ನು ಮಾತ್ರ ಉಳಿಸುತ್ತವೆ. ಅವನು ಮನೆ ಕಟ್ಟುವವನು. ತಮ್ಮ ಹಾಗೆ ಕೈಯಿಂದ ದುಡಿಯುವವನೆಂದು ಅವನ ಜೀವ ಉಳಿಯುತ್ತದೆ.

“ಅಂದರ ನಮ್ಮ ಬಿಟ್ಟಿ ಚಾಕರಿ” ಎಂದು ನಾನು ಸೇರಿಸಿದೆನು. ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ನನ್ನ ಮುತ್ಯಾ ನಿಜಾಮರ ಕಾಲದಲ್ಲಿ ಆ ಚಾಕರಿ ಮಾಡಿದವನು. ಅಧಿಕಾರಿಯ ಸವಾರಿ ಬಂದಾಗ ತನ್ನ ಹೊಲದ ಬಿತ್ತಿಗೆಯನ್ನು ಬಿಟ್ಟು, ಅವನ ಸಾಮಾನನ್ನು ಹೊತ್ತು ಮುಂದಿನ ಊರಿನ ಗಡಿಯವರೆಗೆ ಮುಟ್ಟಿಸಿ ಬರಬೇಕು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. ನಮ್ಮ ಸಂವಿಧಾನದ ೨೩ನೆಯ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ಅದರ ಇಂಗ್ಲಿಷ್ ಪಾಠದಲ್ಲಿಯೂ ‘ಬೇಗಾರ್’ ಎಂಬ ನಮ್ಮ ಶಬ್ದವೇ ಇದೆ. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ಬಂದದ್ದು ೧೯೭೬ರಲ್ಲಿ.

ಇಷ್ಟನ್ನು ಹೇಳಿ ನಿದ್ದೆ ಮಾಡಬಹುದಾಗಿತ್ತು. ಆದರೆ ಇದೇ ಶಬ್ದದ ಕಥೆಯನ್ನು ನಾನು ಹಿಂದೊಮ್ಮೆ ಹೇಳಿದ್ದೆನು. ೧೯೮೭ರಲ್ಲಿ ಅಫಜಲಪುರ ತಾಲ್ಲೂಕಿನ, ಭೀಮಾ ನದಿಯ ದಂಡೆಯ ಹಳ್ಳಿಯೊಂದರಲ್ಲಿ ಒಂಬತ್ತನೆಯ ತರಗತಿಯ ಮುಂದೆ ನಿಂತು, ನಾಟಕದ ಹೆಸರು, ಇಸವಿ ಎಲ್ಲವನ್ನೂ ಹುರುಪಿನಿಂದ ಒಪ್ಪಿಸಿದ್ದೆನು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನಿದ್ದನು. ಅಕ್ಕನ ಮದುವೆಗೆ ಅವನ ತಂದೆ ಊರಿನ ಒಬ್ಬ ಸ್ಥಿತಿವಂತರಲ್ಲಿ ಸಾಲ ಮಾಡಿದ್ದನು. ಮಗನು ಅವರ ಮನೆಯ ಎತ್ತುಗಳನ್ನು ನೋಡಿಕೊಳ್ಳುತ್ತಿದ್ದನು. ವಾರದಲ್ಲಿ ಮೂರು ದಿನ ಶಾಲೆಗೆ ಬಂದರೆ ಹೆಚ್ಚು, ಬಂದರೂ ತೂಕಡಿಸುವನು. ಅಂದು ಅವನು ತೂಕಡಿಸಲಿಲ್ಲ. ಎದ್ದು ನಿಂತು, “ಸರ್, ಅವಕ್ಕ ಕೂಲಿ ಯಾರು ಕೊಡತಾರ್ರಿ?” ಎಂದು ಕೇಳಿದನು.

“ಅವಕ್ಕೇಕಪ್ಪಾ ಕೂಲಿ? ಹೊಟ್ಟೆಗೆ ಎಣ್ಣೆ ಹಾಕಿದರಾಯಿತು” ಎಂದೆನು. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆನು. ಆ ಹುಡುಗ ನಗಲಿಲ್ಲ. “ನನಗೂ ರೊಟ್ಟಿ ಅಷ್ಟೇ ಹಾಕತಾರ್ರಿ” ಎಂದು ಹೇಳಿ ಕುಳಿತುಬಿಟ್ಟನು.

ಅಷ್ಟರಲ್ಲಿ ಗಂಟೆ ಬಾರಿಸಿತು. ನಾನು ಸುಣ್ಣದ ಕಡ್ಡಿಯನ್ನು ಕೆಳಗಿಟ್ಟು ಹೊರಗೆ ಬಂದೆನು. ಕಾಯಿದೆ ಬಂದು ಹನ್ನೊಂದು ವರ್ಷಗಳಾಗಿದ್ದವು. ಅದು ನನಗೆ ಗೊತ್ತಿತ್ತು. ತಹಶೀಲ್ದಾರರಿಗೆ ಒಂದು ಅರ್ಜಿ ಬರೆಯಬಹುದೆಂಬುದೂ ಗೊತ್ತಿತ್ತು. ದಸರೆಯ ರಜೆ ಮುಗಿದ ಮೇಲೆ ಹುಡುಗನು ಬರಲಿಲ್ಲ. ಮನೆಯವರೆಲ್ಲ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋದರೆಂದು ಯಾರೋ ಹೇಳಿದರು. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಕೆಂಪು ಮಸಿಯಿಂದ ಹೊಡೆದುಹಾಕಿದವನು ನಾನೇ.

ಮೊಮ್ಮಗನು ಬಹಳ ಹೊತ್ತು ಮಾತಾಡಲಿಲ್ಲ. ನಿದ್ದೆ ಹೋದನೆಂದುಕೊಂಡೆನು. “ಅರ್ಜಿ ಯಾಕ ಬರೀಲಿಲ್ಲ ಮುತ್ಯಾ?”

“ನಾನು ಬಾಡಿಗೆಗೆ ಇದ್ದದ್ದು ಆ ಸಾಲ ಕೊಟ್ಟವರ ಮನೆಯಾಗ” ಎಂದೆನು. ಅದು ನಿಜವಾಗಿತ್ತು, ನನ್ನ ಹೆಂಡತಿಗೂ ನಾನು ಅದನ್ನು ಈ ಕಾರಣವೆಂದು ಎಂದೂ ಹೇಳಿರಲಿಲ್ಲ.

ಅವನು ಎದ್ದು ಒಳಗೆ ಹೋಗಿ ಬ್ಯಾಟರಿಯನ್ನೂ ಪುಸ್ತಕವನ್ನೂ ತಂದನು. ಐದನೆಯ ಪುಟವನ್ನು ತೆರೆದು ಗಣಿಯ ಚಿತ್ರದ ಮೇಲೆ ಬೆಳಕು ಬಿಟ್ಟು, ಆ ಬೂದುಬಣ್ಣದ ಮುಖಗಳನ್ನು ಒಂದೊಂದಾಗಿ ನೋಡಿದನು.

“ಎರಡನೇದು ಮುಂದಿನ ತಿಂಗಳ ಬರತದ. ತರಿಸಲೇನು?”

“ತರಿಸು. ಅರ್ಧ ರೊಕ್ಕ ನಾನು ಕೊಡತೀನಿ.”

“ಹಂಗಾದರ ಮೊದಲು ನೀನೇ ಓದು” ಎಂದು ಬ್ಯಾಟರಿಯನ್ನು ಆರಿಸಿದನು.